ಮೂರು ದಿನ ಕಾದರೂ ಹುದುಗದ ಬಿಯರ್

ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಪೆನ್ಸಿಲಿನಿಂದ ಗೀಚಿಕೊಂಡದ್ದನ್ನು ಇಲ್ಲಿ ತಾರೀಖಿನ ಪ್ರಕಾರ ಬರೆಯುತ್ತಿದ್ದೇನೆ. ಹಾಳೆಯ ಮೇಲೆ ಎರಡು ಕಡೆ ವರ್ಟ್ (ಹುದುಗಿ ಬಿಯರ್ ಆಗುವ ಸಿಹಿ ನೀರು) ಚೆಲ್ಲಿ ಅಂಟಾಗಿದೆ. ಓದಲು ಬಂದಷ್ಟು ಬರೆದಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಹಳೇ ಕಾಲದ ಸಾಲುಮನೆ, ಕೆಳಗೊಂದು ನೆಲಮಾಳಿಗೆ. 2023ರ ಜೂನ್‌ನಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದೇನೆ. ಒಂದು ಸಲಕ್ಕೆ ನಾಲ್ಕೂವರೆ ಲೀಟರ್, ಇಲ್ಲಿಯವರ ಲೆಕ್ಕದಲ್ಲಿ ಒಂದು ಗ್ಯಾಲನ್. ಅದಕ್ಕಿಂತ ದೊಡ್ಡ ಪಾತ್ರೆ ನಮ್ಮ ಒಲೆ ಮೇಲೆ ಕೂರುವುದಿಲ್ಲ. ಅದಕ್ಕಿಂತ ಜಾಸ್ತಿ ಕುಡಿಯುವವರೂ ಮನೆಯಲ್ಲಿಲ್ಲ. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಮಾಡಿದ ಮೂರೂ ಬ್ಯಾಚ್ ಯಾವ ತಕರಾರೂ ಇಲ್ಲದೆ ಆದವು. ಆಮೇಲೆ ಊರಿಗೆ ಹೋಗಿದ್ದೆ. ಚಳಿಗಾಲದಲ್ಲಿ ಮಾಡಿದ್ದು ಇದೇ ಮೊದಲು.

ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಮನೆ ಬಳಕೆಗೆ ಬಿಯರ್ ಮಾಡಲು ಬೇಕಿದ್ದ ಲೈಸೆನ್ಸನ್ನು 1963ರಲ್ಲೇ ತೆಗೆದುಹಾಕಿದ್ದಾರೆ. ಮಾರುವ ಹಾಗಿಲ್ಲ ಅಷ್ಟೇ. ನಮ್ಮೂರಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇದನ್ನು ಓದಿ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಯಾರೂ ಪಾತ್ರೆ ಇಡಬೇಡಿ.

ಜನವರಿ 13, ಶನಿವಾರ: ಬ್ಯಾಚ್ 4

ಸಾಮಾನು: ಪುಡಿ ಮಾಡಿದ ಮ್ಯಾರಿಸ್ ಆಟರ್ ಮಾಲ್ಟ್ 1 ಕಿಲೋ, ಕ್ರಿಸ್ಟಲ್ ಮಾಲ್ಟ್ 50 ಗ್ರಾಂ, ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಅನ್ನುವ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) 10 ಗ್ರಾಂ. ನೀರು ಏಳೂವರೆ ಲೀಟರ್. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ಕಾಲು ಕ್ಯಾಂಪ್ಡೆನ್ ಮಾತ್ರೆ.

ಮಾಲ್ಟ್ ಅಂದರೆ ಬೇರೇನಲ್ಲ, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. ಮೊಳಕೆ ರಾಗಿ ಹಿಟ್ಟು ಮಾಡುವವರಿಗೆ ಹೊಸದೇನಿಲ್ಲ. ಅದನ್ನು ಬಟ್ಟೆ ಚೀಲಕ್ಕೆ ಹಾಕಿ, 66 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸಿ, ಚೀಲ ಎತ್ತಿ ಹಿಂಡಿದೆ. ಉಳಿಯುವ ಸಿಹಿ ನೀರೇ ವರ್ಟ್. ಅದನ್ನು ಹಾಪ್ಸ್ ಜೊತೆ ಒಂದು ಗಂಟೆ ಕುದಿಸಿದೆ. ಇಲ್ಲಿಯವರೆಗೆ ಎಲ್ಲ ಸರಿ. ಹೈಡ್ರೋಮೀಟರ್ 1.047 ತೋರಿಸಿತು. ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತಾರಲ್ಲ, ಇದು ಅದೇ ಜಾತಿಯ ಗಾಜಿನ ಕಡ್ಡಿ. ಸಕ್ಕರೆ ಜಾಸ್ತಿ ಇದ್ದರೆ ಮೇಲೆ ತೇಲುತ್ತದೆ. ಈಸ್ಟ್ ಸಕ್ಕರೆ ತಿಂದ ಹಾಗೆ ಕೆಳಗಿಳಿಯುತ್ತದೆ, ಅಂಕಿಯೂ ಇಳಿಯುತ್ತದೆ.

ತಪ್ಪು ಶುರುವಾಗಿದ್ದು ಕುದಿಸಿದ ಮೇಲೆ. ಪಾತ್ರೆಯನ್ನು ಸಿಂಕಿನಲ್ಲಿ ತಣ್ಣೀರಿಗೆ ಇಟ್ಟೆ. ಬೇಸಿಗೆಯಲ್ಲಿ ಹೀಗೆ ಇಟ್ಟರೆ 20 ಡಿಗ್ರಿಗೆ ಬರಲು ಮುಕ್ಕಾಲು ಗಂಟೆ, ಜೊತೆಗೆ ಐಸು ಬೇರೆ ಬೇಕಿತ್ತು. ಅದೇ ಲೆಕ್ಕದಲ್ಲಿ ಎರಡು ಚೀಲ ಐಸು ಸುರಿದು ಟೀವಿ ಮುಂದೆ ಕೂತೆ. ಜನವರಿಯಲ್ಲಿ ಇಲ್ಲಿ ನಲ್ಲಿ ನೀರೇ 7 ಡಿಗ್ರಿ ಇರುತ್ತದೆ. ಬಂದು ನೋಡಿದಾಗ ವರ್ಟ್ 14 ಡಿಗ್ರಿಗೆ ಇಳಿದಿತ್ತು. "ತಣ್ಣಗಿದ್ದರೆ ಒಳ್ಳೇದೇ" ಅಂದುಕೊಂಡೆ. ಯಾಕೆ ಹಾಗೆ ಅಂದುಕೊಂಡೆನೋ ಗೊತ್ತಿಲ್ಲ.

ಎರಡನೇ ತಪ್ಪು ಈಸ್ಟಿನದು. ಫ್ರಿಜ್ಜಿನ ಬಾಗಿಲಲ್ಲಿ ಆಗಸ್ಟ್‌ನಲ್ಲಿ ಒಡೆದಿದ್ದ ಯುಎಸ್-05 ಅನ್ನುವ ಒಣ ಈಸ್ಟಿನ ಪ್ಯಾಕೆಟ್ ಇತ್ತು. 11.5 ಗ್ರಾಮಿನ ಪ್ಯಾಕೆಟ್ಟು. ಲೀಟರಿಗೆ 0.5ರಿಂದ 0.8 ಗ್ರಾಂ ಸಾಕು. ಹಾಗಾಗಿ ನನ್ನ ಅಳತೆಗೆ ಒಂದು ಪ್ಯಾಕೆಟ್ ಮೂರು ಸಲಕ್ಕೆ ಬರುತ್ತದೆ ಅಂತ ಜಾಣತನ ಮಾಡಿ, ಬಾಯಿ ಮಡಚಿ ಬಟ್ಟೆ ಕ್ಲಿಪ್ ಹಾಕಿ ಇಟ್ಟಿದ್ದೆ. 3 ಗ್ರಾಂ ತೂಗಿ, ಫ್ರಿಜ್ಜಿನಿಂದ ತೆಗೆದ ಹಾಗೇ ವರ್ಟ್ ಮೇಲೆ ಉದುರಿಸಿದೆ. ಗಂಟೆ ಸಂಜೆ ನಾಲ್ಕೂವರೆ.

ಮೂರನೇ ತಪ್ಪು ಇವೆರಡಕ್ಕಿಂತ ದೊಡ್ಡದು. ಅದನ್ನು ಮಾಡುವಾಗ ನನಗೆ ಬಹಳ ಹೆಮ್ಮೆ ಇತ್ತು. ಇಲ್ಲಿಯ ಪಬ್‌ಗಳಲ್ಲಿ ಪೀಪಾಯಿ ಬಿಯರನ್ನು ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಡುತ್ತಾರೆ. ಅದನ್ನು ಎಲ್ಲೋ ಓದಿದ್ದೆ. ನಮ್ಮ ನೆಲಮಾಳಿಗೆಯೂ ಸರಿಯಾಗಿ 11 ಡಿಗ್ರಿ. ದೇವರೇ ಮಾಡಿಕೊಟ್ಟ ಜಾಗ ಅಂತ ವರ್ಟ್ ತುಂಬಿದ ಜಾಡಿಯನ್ನು ಕೆಳಗಿಳಿಸಿ ಕಲ್ಲು ಹಾಸಿನ ಮೇಲೆ ಇಟ್ಟೆ. ಆ 11–13 ಡಿಗ್ರಿ ಆಗಲೇ ತಯಾರಾದ ಬಿಯರನ್ನು ಇಟ್ಟು ಕುಡಿಸುವುದಕ್ಕೆ, ಹುದುಗಿಸುವುದಕ್ಕಲ್ಲ. ಯುಎಸ್-05ಕ್ಕೆ ಬೇಕಾದ್ದು 18ರಿಂದ 26. ಪ್ಯಾಕೆಟ್ ಮೇಲೇ ಅಚ್ಚಾಗಿದೆ. ನಾನು ಮಡಚಿ ಕ್ಲಿಪ್ ಹಾಕಿದ್ದು ಆ ಸಾಲಿನ ಮೇಲೇ.

ಜನವರಿ 14, ಭಾನುವಾರ

ಬೆಳಗ್ಗೆ 8, ಅಂದರೆ 15 ಗಂಟೆ ಆದ ಮೇಲೆ: ಏನೂ ಇಲ್ಲ. ಇದು ಮಾಮೂಲು, ಗಾಬರಿ ಬೇಡ ಅಂದುಕೊಂಡೆ. ಈಸ್ಟ್ ಎದ್ದು ಮೈಮುರಿಯಲು 12ರಿಂದ 24 ಗಂಟೆ ತೆಗೆದುಕೊಳ್ಳುವುದುಂಟು.

ರಾತ್ರಿ 9, 28 ಗಂಟೆ: ಏರ್‌ಲಾಕಿನ (ಒಳಗಿನ ಗಾಳಿ ಗುಳ್ಳೆಯಾಗಿ ಹೊರಹೋಗಲು ಜಾಡಿ ಬಾಯಿಗೆ ಸಿಕ್ಕಿಸುವ, ನೀರು ತುಂಬಿದ ಕೊಳವೆ) ನೀರು ಕದಲಿಲ್ಲ. ವರ್ಟ್ ಮೇಲೆ ನೊರೆಯ ಗೆರೆಯೂ ಇಲ್ಲ. ಜಾಡಿ ಎತ್ತಿ ಚೆನ್ನಾಗಿ ಅಲುಗಾಡಿಸಿದೆ. ಒಂದಿಷ್ಟು ನೊರೆ ಬಂತು, ಹತ್ತು ನಿಮಿಷಕ್ಕೆ ಹೋಯಿತು. ಅವತ್ತು ನಾಲ್ಕು ಸಲ ಮೆಟ್ಟಿಲು ಇಳಿದು ಹತ್ತಿದ್ದು ಬಿಟ್ಟರೆ ಬೇರೆ ಕೆಲಸ ಆಗಲಿಲ್ಲ.

ಜನವರಿ 15, ಸೋಮವಾರ, ಸಂಕ್ರಾಂತಿ

ಬೆಳಗ್ಗೆ ಆರೂವರೆ, 38 ಗಂಟೆ. ಹೈಡ್ರೋಮೀಟರ್ ಬಿಟ್ಟೆ. 1.047. ಒಂದು ಚುಕ್ಕೆಯೂ ಇಳಿದಿಲ್ಲ. ವರ್ಟ್ ಒಳಗೆ 12 ಡಿಗ್ರಿ.

ಮೇಲೆ ನನ್ನ ಹೆಂಡತಿ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಳು. ಮುಖ ನೋಡಿಯೇ ಕೇಳಿದಳು.

"ಏನ್ರೀ, ಇನ್ನೂ ಎದ್ದಿಲ್ವಾ?"

"ಇಲ್ಲ. ಈಸ್ಟ್ ಸತ್ತಿರಬೇಕು."

"ಸತ್ತಿಲ್ಲ, ಅದಕ್ಕೆ ಚಳಿ. ಹೋದ ತಿಂಗಳು ನಮ್ಮ ಇಡ್ಲಿ ಹಿಟ್ಟಿಗೂ ಹೀಗೇ ಆಗಿರಲಿಲ್ವಾ? ಓವನ್‌ನಲ್ಲಿ ಲೈಟ್ ಹಾಕಿ ಇಟ್ಟ ಮೇಲೆ ತಾನೇ ಉಬ್ಬಿದ್ದು."

ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಹೆಚ್ಚಾಗಿ ಬ್ಯಾಕ್ಟೀರಿಯಾ, ಬಿಯರಿನದು ಈಸ್ಟ್, ಎರಡೂ ಬೇರೆ ಅಂತ ಹೇಳಲು ಹೊರಟೆ. ಹಬ್ಬದ ದಿನ ಬೇಡ ಅಂತ ಸುಮ್ಮನಾದೆ. ಅವಳು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಆ ಅರ್ಧ ನನಗೆ ಹೊಳೆದಿರಲಿಲ್ಲ.

ಜಾಡಿಯನ್ನು ಮೇಲೆ ತಂದೆ. ಓವನ್ ಒಳಗೆ ಅದು ಹಿಡಿಸುವುದಿಲ್ಲ, ಎತ್ತರ ಜಾಸ್ತಿ. ರೇಡಿಯೇಟರ್ ಪಕ್ಕಕ್ಕೆ ಒತ್ತಿ ಇಟ್ಟೆ. ಇದು ನಾಲ್ಕನೇ ತಪ್ಪು.

ಸಂಜೆ 6 ಗಂಟೆಗೆ ಕೆಲಸದಿಂದ ಬಂದು ನೋಡಿದರೆ ಏರ್‌ಲಾಕ್ ಗುಳುಗುಳು ಅನ್ನುತ್ತಿದೆ! ಹತ್ತು ಸೆಕೆಂಡಿಗೊಂದು ಗುಳ್ಳೆ. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಹಾಳೆಯಲ್ಲಿ "ಶುರು!" ಅಂತ ದೊಡ್ಡದಾಗಿ ಬರೆದೆ. ಆ ಪದ ಇನ್ನೂ ಹಾಗೇ ಇದೆ, ಮೇಲೆ ಅಡ್ಡಗೆರೆ ಎಳೆದಿದ್ದೇನೆ.

ಜನವರಿ 16, ಮಂಗಳವಾರ

ಬೆಳಗ್ಗೆ ಆರೂವರೆ, 62 ಗಂಟೆ. ಏರ್‌ಲಾಕ್ ಖಾಲಿ. ಅದರಲ್ಲಿದ್ದ ಸ್ಯಾನಿಟೈಸರ್ ನೀರು ಜಾಡಿಯೊಳಗೆ ಹೋಗಿದೆ. ಹೈಡ್ರೋಮೀಟರ್ ಬಿಟ್ಟೆ. 1.047.

ನಡೆದದ್ದು ಇಷ್ಟು. 12 ಡಿಗ್ರಿ ಇದ್ದ ಜಾಡಿ ರೇಡಿಯೇಟರ್ ಕಾವಿಗೆ ಬಿಸಿಯಾಯಿತು. ಒಳಗಿನ ಗಾಳಿ ಹಿಗ್ಗಿ ಹೊರಗೆ ಬಂತು. ಅದೇ ಗುಳ್ಳೆ. ರಾತ್ರಿ 10ಕ್ಕೆ ಹೀಟಿಂಗ್ ಆಫ್ ಆದ ಮೇಲೆ ಜಾಡಿ ತಣ್ಣಗಾಯಿತು, ಗಾಳಿ ಕುಗ್ಗಿತು, ಏರ್‌ಲಾಕಿನ ನೀರನ್ನು ಒಳಕ್ಕೆ ಎಳೆದುಕೊಂಡಿತು. ಈಸ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೊರಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿ ಸಂಜೆ ರೇಡಿಯೇಟರ್ ಕಡೆ 26, ಈ ಕಡೆ 18 ತೋರಿಸಿತ್ತು. ಬೆಳಗ್ಗೆ ಎರಡೂ ಕಡೆ 15. ಒಳಗೆ ಹೋದದ್ದು ಒಂದು ಚಮಚ, ತೊಳೆಯಬೇಕಾಗಿಲ್ಲದ ಆಮ್ಲದ ಸ್ಯಾನಿಟೈಸರ್. ಹಾಗಾಗಿ ದೊಡ್ಡ ನಷ್ಟ ಇಲ್ಲ. ಬ್ಲೀಚ್ ನೀರು ಹಾಕಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಜಾಡಿ ಬಾಯಿಯ ಬುಂಡು (ರಬ್ಬರ್ ಬಿರಡೆ) ತೆಗೆದು ಮೂಸಿದೆ. ಎಲೆಕೋಸು ಬೇಯಿಸಿದ ನೀರಿನ ವಾಸನೆ, ತೆಳ್ಳಗೆ. ಕುದಿಸಿ ಆರಿಸಿದ ವರ್ಟ್ ಅಂದರೆ ಸಿಹಿ ಗಂಜಿ ಇದ್ದ ಹಾಗೆ. ಈಸ್ಟ್ ಬೇಗ ಎದ್ದು ಹುಳಿ ಮತ್ತು ಆಲ್ಕೋಹಾಲ್ ಮಾಡಿ ಜಾಗ ಹಿಡಿಯದಿದ್ದರೆ ಬೇರೆ ಜೀವಿಗಳು ಬಂದು ಕೂರುತ್ತವೆ. ಬೇಗ ಶುರುವಾಗಬೇಕು ಅನ್ನುವುದು ಇದಕ್ಕೇ.

ಆಫೀಸಿನಿಂದ ಬೇಗ ಹೊರಟೆ. ಹೊಸ ಈಸ್ಟ್ ಪ್ಯಾಕೆಟ್ 4.20 ಪೌಂಡ್. ಬಸ್ಸಿಗೆ ಹೋಗಿಬರಲು 4 ಪೌಂಡ್. ಅಲ್ಲೇ ಹತ್ತಿರದ ಅಕ್ವೇರಿಯಂ ಅಂಗಡಿಯಲ್ಲಿ 50 ವಾಟಿನ ಮೀನಿನ ತೊಟ್ಟಿ ಹೀಟರ್ 14 ಪೌಂಡ್. 45 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಟಬ್ 5 ಪೌಂಡ್. ಮೂರು ಗ್ರಾಂ ಈಸ್ಟಿನಲ್ಲಿ ಉಳಿಸಲು ಹೋಗಿದ್ದು ಒಂದೂವರೆ ಪೌಂಡೂ ಇಲ್ಲ.

ಟಬ್ ಕಟ್ಟಿದ್ದು

ಟಬ್ಬಿನಲ್ಲಿ ಜಾಡಿ ಇಟ್ಟು, ಉಗುರುಬೆಚ್ಚಗಿನ ನೀರನ್ನು 18 ಸೆಂಟಿಮೀಟರ್ ಎತ್ತರಕ್ಕೆ ತುಂಬಿದೆ. ಜಾಡಿಯಲ್ಲಿ ವರ್ಟ್ ಸುಮಾರು 22 ಸೆಂಟಿಮೀಟರ್ ಇರುತ್ತದೆ, ಅದರ ಮುಕ್ಕಾಲು ಭಾಗ ಮುಳುಗಿದರೆ ಸಾಕು. ಹೀಟರನ್ನು ರಬ್ಬರ್ ಬಟ್ಟಲುಗಳಿಂದ ಟಬ್ಬಿನ ಗೋಡೆಗೆ ನೆಟ್ಟಗೆ ಅಂಟಿಸಿದೆ. ಮೇಲೊಂದು ಹಳೇ ಟವೆಲ್.

ಹೀಟರ್ ಗುಂಡಿಯನ್ನು 20ಕ್ಕೆ ಇಟ್ಟರೆ ನೀರು 22.5ಕ್ಕೆ ಹೋಯಿತು. ಗುಂಡಿಯ ಮೇಲಿನ ಅಂಕಿ ನಂಬಬೇಡಿ, ನೀರಲ್ಲಿ ಥರ್ಮಾಮೀಟರ್ ಬಿಟ್ಟು ನೋಡಿ. ನನ್ನದು 18ರ ಗೆರೆಯಲ್ಲಿಟ್ಟರೆ ಸರಿಯಾಗಿ 20 ಬರುತ್ತದೆ.

ಇಲ್ಲೂ ಒಂದು ಎಡವಟ್ಟು. ನೊರೆ ನೋಡಲು ಜಾಡಿಯನ್ನು ಮೇಲೆತ್ತಿದೆ. ಟಬ್ಬಿನ ನೀರು ಮೂರು ಸೆಂಟಿಮೀಟರ್ ಇಳಿಯಿತು, ಹೀಟರಿನ ಮೇಲ್ಭಾಗ ನೀರಿನಿಂದ ಹೊರಗೆ ಬಂತು. ಕರೆಂಟ್ ಆನ್ ಇತ್ತು. ಚುರ್ ಅಂತ ಸದ್ದಾಗಿ ಆವಿ ಎದ್ದಾಗ ಗೊತ್ತಾಯಿತು. ಗಾಜು ಒಡೆಯಲಿಲ್ಲ, ಪುಣ್ಯ. ಆಮೇಲೆ ಹೀಟರನ್ನು ತಳದಲ್ಲಿ ಅಡ್ಡಡ್ಡ ಅಂಟಿಸಿದೆ. ಈಗ ಜಾಡಿ ಎತ್ತುವ ಮೊದಲು ಪ್ಲಗ್ ಕೀಳುತ್ತೇನೆ. ಟಬ್ಬಿಗೆ ಕೈ ಹಾಕುವ ಮೊದಲೂ ಅಷ್ಟೇ. ಪ್ಲಗ್ಗಿನ ವೈರು ಟಬ್ಬಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಸಾಕೆಟ್ಟಿಗೆ ಏರುವ ಹಾಗೆ ಇದೆ. ನೀರು ವೈರಿನಗುಂಟ ಹರಿದರೂ ಸಾಕೆಟ್ ಮುಟ್ಟಬಾರದು.

ಕರೆಂಟ್ ಮೀಟರ್ ಹಾಕಿ ನೋಡಿದೆ. ದಿನಕ್ಕೆ 0.4 ಯೂನಿಟ್, ಸುಮಾರು 12 ಪೆನ್ಸ್.

ಎರಡನೇ ಸಲ ಈಸ್ಟ್

ಮಂಗಳವಾರ ಸಂಜೆ 7, 74 ಗಂಟೆಯ ನಂತರ. ವರ್ಟ್ 19 ಡಿಗ್ರಿಗೆ ಬಂದಿತ್ತು. ಕುದಿಸಿ 30 ಡಿಗ್ರಿಗೆ ಆರಿಸಿದ 40 ಮಿ.ಲೀ. ನೀರಿನ ಮೇಲೆ 4 ಗ್ರಾಂ ಹೊಸ ಈಸ್ಟ್ ಉದುರಿಸಿದೆ. ಕಾಲು ಗಂಟೆ ಮುಟ್ಟದೆ ಬಿಟ್ಟು, ಆಮೇಲೆ ಮೆಲ್ಲಗೆ ಕಲಕಿದೆ. ಮಜ್ಜಿಗೆ ಹುಳಿಯ ಹಾಗೆ ಗಟ್ಟಿಯಾಯಿತು. ಜಾಡಿಗೆ ಸುರಿದೆ.

ಬುಧವಾರ ಬೆಳಗ್ಗೆ 6, ಹನ್ನೊಂದು ಗಂಟೆಯೊಳಗೆ: ಅಂಚಿನಲ್ಲಿ ಬಿಳಿ ನೊರೆಯ ಉಂಗುರ. ಸಂಜೆಗೆ ಮೂರು ಸೆಂಟಿಮೀಟರ್ ನೊರೆ, ಎರಡು ಸೆಕೆಂಡಿಗೊಂದು ಗುಳ್ಳೆ. ಈ ಸಲ "ಶುರು" ಅಂತ ಬರೆಯಲಿಲ್ಲ. ಹೈಡ್ರೋಮೀಟರ್ ಬಿಟ್ಟು 1.041 ಅಂತ ಬರೆದೆ.

ಜನವರಿ 20, ಶನಿವಾರ: ನಾಲ್ಕು ಬಾಟಲಿ ಪಂಚಾಯ್ತಿ

ಬಿಯರ್ ಏನೋ ಎದ್ದಿತು. ಆದರೆ ಹಾಳು ಮಾಡಿದ್ದು ಯಾವುದು? ಹಳೇ ಈಸ್ಟೋ, ಚಳಿಯೋ? ನಾನು ಈಸ್ಟ್ ಅನ್ನುತ್ತೇನೆ, ಮನೆಯಲ್ಲಿ ಚಳಿ ಅನ್ನುತ್ತಾರೆ. ತೀರ್ಮಾನ ಆಗಬೇಕಲ್ಲ.

ಒಣ ಮಾಲ್ಟ್ ಪುಡಿ ಲೀಟರಿಗೆ 100 ಗ್ರಾಂ ಹಾಕಿ ಹತ್ತು ನಿಮಿಷ ಕುದಿಸಿದೆ. ಉಪ್ಪಿನಕಾಯಿಯ ನಾಲ್ಕು ಖಾಲಿ ಬಾಟಲಿ ತೊಳೆದು ಸ್ಯಾನಿಟೈಸ್ ಮಾಡಿ, 250 ಮಿ.ಲೀ. ಹಾಗೆ ತುಂಬಿದೆ. ಒಂದು ಬಾಟಲಿಯಲ್ಲಿ ಎಷ್ಟು ತೊಳೆದರೂ ಮಾವಿನಕಾಯಿ ಉಪ್ಪಿನಕಾಯಿ ವಾಸನೆ ಹೋಗಲಿಲ್ಲ, ಇರಲಿ ಅಂತ ಬಿಟ್ಟೆ. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಒಂದೊಂದಕ್ಕೂ 0.2 ಗ್ರಾಂ ಈಸ್ಟ್. ಮುಚ್ಚಳ ಸಡಿಲ. ಬಿಗಿ ಮಾಡಿದರೆ ಬಾಟಲಿ ಸಿಡಿಯುತ್ತದೆ, ಹುಷಾರು.

ಎರಡು ಬಾಟಲಿ ಟಬ್ಬಿನಲ್ಲಿ 20 ಡಿಗ್ರಿಗೆ, ಎರಡು ನೆಲಮಾಳಿಗೆಯಲ್ಲಿ 11ಕ್ಕೆ. ಎರಡೂ ಕಡೆ ಒಂದರಲ್ಲಿ ಹೊಸ ಈಸ್ಟ್, ಒಂದರಲ್ಲಿ ಆಗಸ್ಟಿನ ಈಸ್ಟ್.

ಹೊಸದು, ಬೆಚ್ಚಗೆ: 8 ಗಂಟೆಗೆ ನೊರೆ.
ಹಳೆಯದು, ಬೆಚ್ಚಗೆ: 26 ಗಂಟೆಗೆ ನೊರೆ.
ಹೊಸದು, ನೆಲಮಾಳಿಗೆ: 31 ಗಂಟೆಗೆ ತೆಳ್ಳನೆ ನೊರೆ.
ಹಳೆಯದು, ನೆಲಮಾಳಿಗೆ: 72 ಗಂಟೆ ಆದರೂ ಏನಿಲ್ಲ. ನಾಲ್ಕನೇ ದಿನ ಸುತ್ತ ಒಂದು ಮಬ್ಬು ಗೆರೆ.

ಒಂದೇ ಸಲ ಮಾಡಿದ ಪರೀಕ್ಷೆ, ರಾತ್ರಿ ಹೊತ್ತು ನಾನು ಎದ್ದು ನೋಡಿಲ್ಲ, ಹಾಗಾಗಿ ಗಂಟೆಗಳಲ್ಲಿ ಹಿಂದೆ ಮುಂದೆ ಇದೆ. ಆದರೂ ಇಬ್ಬರ ವಾದವೂ ಗೆದ್ದಿತು. ಯಾವುದೋ ಒಂದೇ ತಪ್ಪಾಗಿದ್ದರೆ ಒಂದು ದಿನ ತಡವಾಗಿ ಏಳುತ್ತಿತ್ತು. ಎರಡೂ ಸೇರಿದ್ದಕ್ಕೆ ಜಾಡಿ ಮಲಗಿಬಿಟ್ಟಿತು. ಒಡೆದ ಪ್ಯಾಕೆಟ್ಟನ್ನು ಗಾಳಿಯಾಡದ ಹಾಗೆ ಮುಚ್ಚಿ 4 ಡಿಗ್ರಿಯಲ್ಲಿಟ್ಟು ಏಳು ದಿನದೊಳಗೆ ಬಳಸಿ ಅಂತ ತಯಾರಕರೇ ಹೇಳುತ್ತಾರೆ. ನನ್ನದು ಐದು ತಿಂಗಳು, ಬಟ್ಟೆ ಕ್ಲಿಪ್ಪು. ತೂಕದಲ್ಲಿ 3 ಗ್ರಾಂ ಇತ್ತು ನಿಜ. ಅದರಲ್ಲಿ ಜೀವ ಇದ್ದದ್ದು ಎಷ್ಟೋ.

ದೊಡ್ಡ ಬ್ಯಾಚ್ ಮಾಡುವವರಿಗೆ ಈ ತಾಪತ್ರಯ ಇಲ್ಲ. 20 ಲೀಟರಿಗೆ ಪೂರ್ತಿ ಪ್ಯಾಕೆಟ್ ಸುರಿದು ಕೈ ತೊಳೆದುಕೊಳ್ಳುತ್ತಾರೆ. ಉಳಿದದ್ದನ್ನು ಏನು ಮಾಡುವುದು ಅನ್ನುವುದು ನಮ್ಮಂಥ ಗ್ಯಾಲನ್ ಗಿರಾಕಿಗಳ ತಲೆನೋವು.

ಜನವರಿ 27: ಬ್ಯಾಚ್ 4 ಬಾಟಲಿಗೆ

1.010ಕ್ಕೆ ಬಂದು ಮೂರು ದಿನದಿಂದ ಅಲ್ಲೇ ನಿಂತಿದೆ. ಲೆಕ್ಕ ಹಾಕಿದರೆ ಆಲ್ಕೋಹಾಲ್ ಶೇಕಡಾ 4.9. ಹೈಡ್ರೋಮೀಟರಿಗೆ ಅಂತ ಪದೇ ಪದೇ ತೆಗೆದದ್ದು, ತಳದ ಗಸಿ ಎಲ್ಲ ಕಳೆದು 3.8 ಲೀಟರ್ ಸಿಕ್ಕಿತು. 23 ಗ್ರಾಂ ಸಕ್ಕರೆ ಬಿಸಿನೀರಲ್ಲಿ ಕರಗಿಸಿ ಸೇರಿಸಿ, ಅರ್ಧ ಲೀಟರಿನ ಏಳು ಬಾಟಲಿ ತುಂಬಿ ಕ್ಯಾಪ್ ಹೊಡೆದೆ. ಉಳಿದದ್ದು ನನ್ನ ಲೋಟಕ್ಕೆ.

ಎಲೆಕೋಸಿನ ವಾಸನೆ ಪೂರ್ತಿ ಹೋಗಿಲ್ಲ. ಗೆಳೆಯನೊಬ್ಬ ಕುಡಿದು "ಪರವಾಗಿಲ್ಲ ಮಾರಾಯ" ಅಂದ. ಅವನು ಮಂಗಳೂರಿನವನು. ಇನ್ನೊಂದು ಬಾಟಲಿ ಕೇಳಲಿಲ್ಲ ಅನ್ನುವುದನ್ನು ಗಮನಿಸಿದೆ.

ಫೆಬ್ರವರಿ 10, ಶನಿವಾರ: ಬ್ಯಾಚ್ 5

ಅದೇ ಅಳತೆ. ಐಸು ಇಲ್ಲ, ಬರೀ ನಲ್ಲಿ ನೀರು, ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್. 20 ಡಿಗ್ರಿಗೆ ಬಂದ ತಕ್ಷಣ ಪಾತ್ರೆ ಹೊರಗೆ. ಕುದಿಸಿದ ವರ್ಟಿನಲ್ಲಿ ಆಮ್ಲಜನಕ ಉಳಿದಿರುವುದಿಲ್ಲ ಅಂತ ಎತ್ತರದಿಂದ ಕಾಫಿ ಆರಿಸುವ ಹಾಗೆ ಎರಡು ಸಲ ಹೊಯ್ದೆ. ಒಣ ಈಸ್ಟಿಗೆ ಇದು ಅಷ್ಟೇನೂ ಬೇಕಾಗಿಲ್ಲ, ಆದರೆ ಏಟು ತಿಂದವನು ನಾನು. ಹೊಸ ಪ್ಯಾಕೆಟ್, 4 ಗ್ರಾಂ. ಹಳೇ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಈಸ್ಟನ್ನು ಕುದಿಯ ಕೊನೇ ಹತ್ತು ನಿಮಿಷದಲ್ಲಿ ಪಾತ್ರೆಗೇ ಹಾಕಿದೆ. ಸತ್ತ ಈಸ್ಟ್ ಬದುಕಿರುವ ಈಸ್ಟಿಗೆ ಗೊಬ್ಬರ.

ಜಾಡಿ ಬದಲು ಈ ಸಲ 10 ಲೀಟರಿನ ಹೊಸ ಪ್ಲಾಸ್ಟಿಕ್ ಬಕೆಟ್. ತೊಳೆಯಲು ಸುಲಭ ಅಂತ. 7.50 ಪೌಂಡ್.

24 ಗಂಟೆ: ಏರ್‌ಲಾಕ್ ಸುಮ್ಮನಿದೆ.

30 ಗಂಟೆ: ಸುಮ್ಮನಿದೆ.

36 ಗಂಟೆಗೆ ನಾನು ಕೈಯಲ್ಲಿ ಈಸ್ಟ್ ಪ್ಯಾಕೆಟ್ ಹಿಡಿದು ನಿಂತಿದ್ದೆ. ಸುರಿಯುವುದೊಂದು ಬಾಕಿ. ಬಕೆಟ್ ಒಳಗೆ ಕಾಣುವುದಿಲ್ಲ. ಕೊನೆಗೆ ದೀಪ ಆರಿಸಿ, ಬಕೆಟ್ಟಿನ ಆ ಕಡೆಯಿಂದ ಟಾರ್ಚ್ ಹಿಡಿದೆ. ದ್ರವದ ಮೇಲೆ ನಾಲ್ಕು ಬೆರಳು ಎತ್ತರಕ್ಕೆ ಕಪ್ಪು ನೆರಳು. ನೊರೆ! ಮುಚ್ಚಳ ತೆಗೆದು ಹೈಡ್ರೋಮೀಟರ್ ಬಿಟ್ಟರೆ 1.026. ಅರ್ಧ ಕೆಲಸ ಆಗಲೇ ಮುಗಿದಿದೆ.

ಹಾಗಾದರೆ ಗಾಳಿ ಎಲ್ಲಿ ಹೋಗುತ್ತಿದೆ? ಮುಚ್ಚಳವನ್ನು ಅಂಗೈಯಿಂದ ಮೆಲ್ಲಗೆ ಒತ್ತಿದೆ. ಏರ್‌ಲಾಕಿನ ನೀರು ಒಂದು ಕಡೆ ಏರಿತು, ಕೈ ಒತ್ತಿದ ಹಾಗೇ ಇದ್ದರೂ ಕೂಡಲೇ ಇಳಿಯಿತು. ಅಂದರೆ ಸೋರಿಕೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬೆರಳಿಂದ ಹಚ್ಚುತ್ತ ಬಂದೆ. ಏರ್‌ಲಾಕ್ ಕೂರುವ ರಬ್ಬರ್ ಬಳೆ ಹತ್ತಿರ ಪುಟಪುಟ ಗುಳ್ಳೆ. ಬಳೆ ಒಂದು ಕಡೆ ತೂತಿನೊಳಕ್ಕೆ ಮಡಚಿಕೊಂಡಿತ್ತು. ನಾನೇ ಒಣಗಿದ್ದನ್ನು ಬಲವಂತವಾಗಿ ತುರುಕಿದ್ದು. ಒದ್ದೆ ಮಾಡಿ ಮತ್ತೆ ಕೂರಿಸಿದೆ, ಐದು ನಿಮಿಷದಲ್ಲಿ ಗುಳ್ಳೆ ಶುರು.

ಜನವರಿಯಲ್ಲಿ ಗುಳ್ಳೆ ಬಂದಿತ್ತು, ಹುದುಗು ಇರಲಿಲ್ಲ. ಫೆಬ್ರವರಿಯಲ್ಲಿ ಹುದುಗು ಇತ್ತು, ಗುಳ್ಳೆ ಬರಲಿಲ್ಲ. ಏರ್‌ಲಾಕ್ ನೋಡುವುದನ್ನು ಬಿಟ್ಟಿದ್ದೇನೆ. ಪೂರ್ತಿ ಬಿಟ್ಟಿಲ್ಲ, ಹೋಗ್ತಾ ಬರ್ತಾ ಕಣ್ಣು ಹೋಗುತ್ತದೆ.

ಈ ಬ್ಯಾಚ್ ಚೆನ್ನಾಗಿ ಬಂತು. ಮಂಗಳೂರಿನವನು ಮೂರು ಬಾಟಲಿ ಮನೆಗೆ ಒಯ್ದ.

ಮಾರ್ಚ್ 2, ಶನಿವಾರ: ಬ್ಯಾಚ್ 6

ಈಸ್ಟ್ ಉಳಿಕೆಗೆ ಸದ್ಯದ ಪರಿಹಾರ ಇದು: ಒಂದು ಪ್ಯಾಕೆಟ್ ಒಡೆದರೆ ಶನಿವಾರ ಒಂದು ಜಾಡಿ, ಭಾನುವಾರ ಒಂದು ಜಾಡಿ, ಒಂದೊಂದಕ್ಕೂ ಅರ್ಧರ್ಧ. ಲೆಕ್ಕಕ್ಕಿಂತ ಜಾಸ್ತಿಯೇ ಆಯಿತು, ಆದರೆ ಉಳಿಸಿಕೊಳ್ಳುವ ಆಸೆಯೇ ಹುಟ್ಟುವುದಿಲ್ಲ. ಎರಡು ದಿನ ಅಡುಗೆಮನೆ ನನ್ನ ಕೈಯಲ್ಲಿರುತ್ತದೆ ಅನ್ನುವುದೊಂದೇ ತೊಂದರೆ. ಅದರ ಬಗ್ಗೆ ಮನೆಯಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ.

ಈ ಸಲ ಇಂಗ್ಲಿಷ್ ತಳಿಯ ಎಸ್-04. ಶನಿವಾರ ಸಂಜೆ 4ಕ್ಕೆ ಹಾಕಿದೆ, 20 ಡಿಗ್ರಿ. ರಾತ್ರಿ 11ಕ್ಕೆ ನೊರೆ. ಏಳೇ ಗಂಟೆ! ಹಾಳೆಯಲ್ಲಿ ಬರೆದು ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ನೊರೆ ಏರ್‌ಲಾಕಿನಿಂದ ಉಕ್ಕಿ ಜಾಡಿ ಮೈಮೇಲೆ ಇಳಿದಿದೆ. ಟಬ್ಬಿನ ನೀರು 28 ಡಿಗ್ರಿ. ಜಾಡಿಯ ಪಕ್ಕದಲ್ಲಿ ನೀರಲ್ಲಿ ಅರ್ಧ ಮುಳುಗಿ, ತಟ್ಟೆ ಮುಚ್ಚಿದ ಸ್ಟೀಲ್ ಡಬ್ಬಿ.

"ಓವನ್ ಬಲ್ಬ್ ಹೋಗಿದೆ ರೀ," ಅಂದಳು. "ಹೇಗೂ ನಿಮ್ಮ ಟಬ್ ಇತ್ತಲ್ವಾ. ಇಪ್ಪತ್ತರಲ್ಲಿ ಹಿಟ್ಟು ಉಬ್ಬಲ್ಲ ಅಂತ ಸ್ವಲ್ಪ ತಿರುಗಿಸಿದೆ."

ಗುಂಡಿ ವಾಪಸ್ 18ರ ಗೆರೆಗೆ. ಜಾಡಿ ಒರೆಸಿ, ಏರ್‌ಲಾಕ್ ತೊಳೆದು, ಬುಂಡಿಗೆ ದಪ್ಪ ರಬ್ಬರ್ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಸ್ಯಾನಿಟೈಸರ್ ನೀರಿರುವ ಲೋಟದಲ್ಲಿ ಬಿಟ್ಟೆ. ನೊರೆ ಉಕ್ಕಿದರೂ ಲೋಟಕ್ಕೆ ಬೀಳುತ್ತದೆ. ಮಾರ್ಚ್ 14ಕ್ಕೆ 1.012ಕ್ಕೆ ನಿಂತಿತು. ರುಚಿ ನೋಡಿದೆ. ಬುಟ್ಟಿಯಲ್ಲಿ ಮರೆತ ಏಲಕ್ಕಿ ಬಾಳೆಹಣ್ಣಿನ ವಾಸನೆ, ಕುಡಿದ ಮೇಲೆ ಗಂಟಲಲ್ಲಿ ಸ್ವಲ್ಪ ಕಾರ. ಬಾಟಲಿ ಮಾಡಿ ನೆಲಮಾಳಿಗೆಯಲ್ಲಿ ಇಟ್ಟಿದ್ದೇನೆ, 11 ಡಿಗ್ರಿಯಲ್ಲಿ.

ಅವತ್ತಿನ ಇಡ್ಲಿ ಮಾತ್ರ ಮಲ್ಲಿಗೆ ಹೂವಿನ ಹಾಗಿತ್ತು. ಇನ್ನೊಂದು ಟಬ್, ಇನ್ನೊಂದು ಹೀಟರ್: 19 ಪೌಂಡ್.